ಹೆದೆ ಇಳಿಸದ ಬಿಲ್ಲು

ಆ ಬಿಲ್ಲನ್ನು ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟಿದ್ದೆ. ನನ್ನ ಗಂಡ ಉದ್ದನೆಯ ಬಟ್ಟೆಚೀಲದ ಬಾಯಿ ಬಿಚ್ಚಿ, ಮದುವೆಯ ಸೀರೆ ತೆಗೆಯುವಷ್ಟು ನಾಜೂಕಾಗಿ ಹೊರತೆಗೆದದ್ದು ಒಂದು ಕೋಲು. ಅವರ ತಲೆಯಿಂದ ಒಂದು ಗೇಣು ಮೇಲಕ್ಕೆ ಹೋಗುವಷ್ಟು ಉದ್ದ, ನಡುವೆ ದಪ್ಪ, ಎರಡೂ ತುದಿಗೆ ಹೋಗುತ್ತಾ ಸಪೂರ. ಬಿಲ್ಲು ಎಂದರೆ ಕ್ಯಾಲೆಂಡರಿನ ರಾಮನ ಹೆಗಲ ಮೇಲಿರುವಂಥದ್ದು ಎಂದುಕೊಂಡಿದ್ದವಳು ನಾನು. "ಇದೆಂತದು ಮಾರಾಯ್ರೆ, ಬಟ್ಟೆ ಒಣಗಿಸುವ ಕೋಲಿಗೆ ಇಷ್ಟು ಮರ್ಯಾದೆಯಾ?" ಎಂದೆ. ಪಕ್ಕದಲ್ಲಿ ನಿಂತಿದ್ದ ದೊರೆಗೆ ನನ್ನ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ಅವರೂ ನಕ್ಕರು. ಇವರು ಮಾತ್ರ ನಗಲಿಲ್ಲ.

ದೊರೆ ಎಂದು ನಾವು ಮನೆಯೊಳಗೆ ಕರೆಯುತ್ತಿದ್ದದ್ದು ಇವರ ಕಂಪನಿಯ ಇಂಗ್ಲಿಷ್ ಮ್ಯಾನೇಜರನ್ನು. ಎದುರಿಗೆ ಸಿಕ್ಕಾಗ ಸರ್. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾವು ಒಮಾನಿನ ದಾರ್ಸೈಟ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಇವರು ವಾದಿ ಅದಾಯ್ ಎಂಬಲ್ಲಿ ಕಂಪನಿಯ ಮರದ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದರು. ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು, ದಿನವಿಡೀ ಅದೇ. ಊರಿನಲ್ಲಿ ಇವರಪ್ಪ ದೋಣಿ ಕಟ್ಟುತ್ತಿದ್ದವರು. ಮರದ ವಾಸನೆ ಇವರಿಗೆ ಹುಟ್ಟಿನಿಂದ ಬಂದದ್ದು. ದೊರೆ ಒಮಾನಿಗೆ ಬಂದು ಅಷ್ಟರಲ್ಲೇ ತುಂಬ ವರ್ಷವಾಗಿತ್ತು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸೀಬ್‌ನಲ್ಲಿ ಒಂದು ದೊಡ್ಡ ವಿಲ್ಲಾದಲ್ಲಿ ಒಬ್ಬರೇ ಇದ್ದರು.

ದೊರೆಯ ಅಪ್ಪ ಸತ್ತ ಸುದ್ದಿ ಬಂದಾಗ ಅವರು ಒಮಾನಿನಲ್ಲೇ ಇದ್ದರಂತೆ. ಟಿಕೆಟ್ ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಇವರಪ್ಪ ಹೋದಾಗಲೂ ಹೀಗೆಯೇ ಆಯಿತು, ನೆರೆಮನೆಗೆ ಫೋನು ಬಂತು, ಇವರು ರಿಸೀವರ್ ಹಿಡಿದುಕೊಂಡೇ ನಿಂತಿದ್ದರು. ಮ್ಯಾನೇಜರಿಗೂ ವರ್ಕ್‌ಶಾಪಿನವನಿಗೂ ಸ್ನೇಹ ಬೆಳೆದದ್ದು ಈ ಒಂದು ವಿಷಯದಿಂದ ಎಂದು ನನಗೆ ಅನಿಸುತ್ತದೆ. ಅವರಿಬ್ಬರೂ ಇದನ್ನು ಮಾತಾಡಿಕೊಂಡದ್ದು ನಾನು ಕೇಳಿಲ್ಲ.

ದೊರೆಯ ಅಪ್ಪ ಬಿಲ್ಲು ಮಾಡುತ್ತಿದ್ದವರು. ಹಳೇ ಕಾಲದಲ್ಲಿ ಇಂಗ್ಲಿಷ್ ಸೈನ್ಯ ಹಿಡಿದು ಹೋಗುತ್ತಿದ್ದ ಉದ್ದ ಬಿಲ್ಲು, ಅದನ್ನೇ ಹಟಕ್ಕೆ ಬಿದ್ದು ಮಾಡುತ್ತಿದ್ದರಂತೆ. ಅವರು ಹೋದ ಮೇಲೆ ಕೊಟ್ಟಿಗೆಯ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿಸಿಟ್ಟ, ಯೂ ಎಂಬ ಅವರ ದೇಶದ ಮರದ ಸೀಳೊಂದು ಸಿಕ್ಕಿತು. ಅವರೇ ಕಡಿದು, ಅವರೇ ಸೀಳಿ ಇಟ್ಟದ್ದು. ಅದನ್ನು ದೊರೆ ವಿಮಾನದಲ್ಲಿ ಹೇಗೋ ತಂದು, ಕೆಲವು ವರ್ಷ ಮಂಚದ ಕೆಳಗಿಟ್ಟು, ಕೊನೆಗೆ ಒಂದು ಚಳಿಗಾಲ ಇವರ ವರ್ಕ್‌ಶಾಪಿಗೆ ತಂದರು. ಎರಡು ಚಳಿಗಾಲ ನಮ್ಮ ಶುಕ್ರವಾರಗಳನ್ನೆಲ್ಲ ಆ ಸೀಳು ತಿಂದುಹಾಕಿತು. ವಾರಕ್ಕೊಂದೇ ರಜೆ, ಅದೂ ದೊರೆಯ ಕೋಲಿಗೆ. ನಾನು ಬಾಯಿಗೆ ಬಂದಂತೆ ಬೈದಿದ್ದೇನೆ.

ಕೆಲಸ ಮುಗಿಸಿ ಇಬ್ಬರೂ ಮರದ ಹುಡಿ ಮೆತ್ತಿಕೊಂಡು ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಒಂದು ದಿನ ನೀರುದೋಸೆ ಬಡಿಸುತ್ತಾ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. "ಸರ್, ಉದ್ದ ಇದ್ದರೆ ಆಯಿತಲ್ಲ, ಲಾಂಗ್‌ಬೋ ಅಂದರೆ ಅಷ್ಟೇ ಅಲ್ಲವಾ? ಎರಡು ವರ್ಷ ಎಂತ ಕೆರೆಯುವುದು?"

ದೊರೆ ಕೈ ಒರೆಸಿಕೊಂಡು ಪಾಠಕ್ಕೇ ಕೂತುಬಿಟ್ಟರು. ಉದ್ದ ಬೇಕು, ಎಳೆಯುವವನಿಗಿಂತ ಸ್ವಲ್ಪ ಹೆಚ್ಚೇ. ಆದರೆ ಒಂದೇ ಮರದ ಒಂದೇ ತುಂಡು, ಜೋಡಣೆ ಇಲ್ಲ, ಅಂಟು ಇಲ್ಲ. ಸಿಪ್ಪೆಯ ಕೆಳಗಿನ ಬಿಳಿ ಮರ ಬಿಲ್ಲಿನ ಹೊರಮೈಗೆ ಬರಬೇಕು, ಅದು ಎಳೆದರೆ ಹಿಗ್ಗುತ್ತದೆ. ಒಳಗಿನ ಕೆಂಪು ತಿರುಳು ನಮ್ಮ ಕಡೆಗೆ, ಅದು ಹಿಂಡಿದರೆ ತಾಳಿಕೊಳ್ಳುತ್ತದೆ. ಎರಡೂ ಒಂದೇ ಮರದೊಳಗೆ ಹುಟ್ಟಿನಿಂದ ಅಂಟಿಕೊಂಡಿರುವುದೇ ಯೂ ಮರದ ಗುಣ. ಹೊರಮೈ ಚಪ್ಪಟೆ, ಒಳಮೈ ದುಂಡು. ಅಡ್ಡಕ್ಕೆ ಕೊಯ್ದು ನೋಡಿದರೆ ಮಣೆಯ ಮೇಲೆ ಕವುಚಿಟ್ಟ ತೆಂಗಿನಕಾಯಿ ಹೋಳಿನ ಹಾಗೆ. ಹಿಡಿಕೆ ಎಂದು ಬೇರೆ ಇಲ್ಲ, ಬಾಣ ನಮ್ಮ ಮುಷ್ಟಿಯ ಮೇಲೆಯೇ ಕೂರುತ್ತದೆ. ಎರಡು ತುದಿಗೆ ಕೋಡಿನ ಟೊಪ್ಪಿ, ಇಲ್ಲದಿದ್ದರೆ ಹೆದೆ ಮರವನ್ನೇ ಸೀಳಿಬಿಡುತ್ತದೆ. ಆ ಕೋಡು ಒಮಾನಿನ ದಕ್ಷಿಣದ ಸಲಾಲಾದಿಂದ ಬಂದಿತ್ತು. ಯಾವ ಪ್ರಾಣಿಯದು ಎಂದು ನಾನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

"ಇಷ್ಟಾದರೆ ಯುದ್ಧದ ಬಿಲ್ಲಾಯಿತಾ?" ಎಂದೆ.

"ಇಲ್ಲ. ಇಷ್ಟಾದರೆ ಆಟದ ಬಿಲ್ಲು. ಯುದ್ಧದ್ದಾಗಬೇಕಾದರೆ ಭಾರ ಬೇಕು" ಎಂದರು. ಕೈಯಲ್ಲಿ ಎತ್ತುವ ಭಾರವಲ್ಲ, ಎಳೆಯುವ ಭಾರ. ಹೆದೆಯನ್ನು ಎದೆಗಲ್ಲ, ಕಿವಿಯವರೆಗೆ ಎಳೆಯಬೇಕು, ಒಬ್ಬ ದೊಡ್ಡ ಮನುಷ್ಯನನ್ನು ಎರಡು ಬೆರಳಲ್ಲಿ ಮೇಲೆತ್ತಿದಷ್ಟು ಕಷ್ಟವಿರಬೇಕು. ಚಿಕ್ಕಂದಿನಿಂದ ಎಳೆದೂ ಎಳೆದೂ ಆ ಕಾಲದ ಬಿಲ್ಲುಗಾರರ ಭುಜದ ಎಲುಬೇ ಬೇರೆ ಆಕಾರಕ್ಕೆ ಬರುತ್ತಿತ್ತಂತೆ. ಅಪ್ಪನಿಗೆ ಅದು ಆಗುತ್ತಿತ್ತು. ಮಗ ಒಂದು ದಿನವೂ ಅಪ್ಪನ ಬಿಲ್ಲನ್ನು ಕಿವಿಗೆ ತಂದವರಲ್ಲ. ಅಪ್ಪ ಬೈಯುತ್ತಿರಲಿಲ್ಲ, ಬಿಲ್ಲು ಹಿಡಿದವನನ್ನು ತಿರುಗಿಯೂ ನೋಡುತ್ತಿರಲಿಲ್ಲ, ಬಾಣ ಬಿದ್ದ ಜಾಗವನ್ನು ಮಾತ್ರ ನೋಡಿ ಒಳಗೆ ಹೋಗುತ್ತಿದ್ದರು. ಇದನ್ನು ಹೇಳುವಾಗ ಅರವತ್ತು ಹತ್ತಿರವಾದ ಆ ಮನುಷ್ಯನ ಕಿವಿ ಕೆಂಪಾಗಿತ್ತು. ನನಗೆ ಅಯ್ಯೋ ಅನಿಸಿತು. ಅವತ್ತಿನಿಂದ ಶುಕ್ರವಾರಕ್ಕೆ ಬೈಯುವುದನ್ನು ಕಡಿಮೆ ಮಾಡಿದೆ.

ಅವರಿಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಕಡಿದಿಟ್ಟ ಮರದಿಂದ ಅಪ್ಪನ ಅಳತೆಯ ಬಿಲ್ಲು ಮಾಡಿ, ಇಲ್ಲಿಂದ ಹೊರಡುವ ಮೊದಲು ಒಂದು ಸಲ ಅದನ್ನು ಕಿವಿಯವರೆಗೆ ಎಳೆಯುವುದು. ಅವರ ಕೆಲಸದ ಅವಧಿ ಮುಗಿಯುತ್ತಾ ಬಂದಿತ್ತು, ವಯಸ್ಸಾದವರಿಗೆ ಇನ್ನೊಮ್ಮೆ ವೀಸಾ ಕೊಡುವಂತಿರಲಿಲ್ಲ.

ಬಿಲ್ಲು ತಯಾರಾಯಿತು. ಗೋಡೆಗೆ ಹಲಗೆ ಬಡಿದು, ಬಿಲ್ಲನ್ನು ಅದಕ್ಕೆ ಸಿಕ್ಕಿಸಿ, ಹಗ್ಗ ಹಾಕಿ ಕೆಳಗೆ ಎಳೆದು, ಎರಡು ರೆಕ್ಕೆಯೂ ಸಮನಾಗಿ ಬಾಗುತ್ತದೋ ಎಂದು ನೋಡುವುದು, ಬಾಗದ ಕಡೆ ಕಬ್ಬಿಣದ ಪಟ್ಟಿಯಿಂದ ಕೂದಲೆಳೆಯಷ್ಟು ಕೆರೆಯುವುದು, ಮತ್ತೆ ನೋಡುವುದು. ಊರಾಚೆಯ ವಾದಿಯಲ್ಲಿ, ಒಣಗಿದ ಹೊಳೆಯ ಪಾತ್ರದಲ್ಲಿ, ಎಳೆದು ನೋಡಿದಾಗ ದೊರೆಗೆ ಅದು ಗಲ್ಲದವರೆಗೆ ಬಂತು, ಮುಂದೆ ಬರಲಿಲ್ಲ. ಇವರು ಹೇಳಿದರಂತೆ, "ಸರ್, ಒಳಮೈಯನ್ನು ಇನ್ನೊಂಚೂರು ಕೆರೆದು ಕೊಡ್ತೇನೆ, ಆರಾಮಾಗಿ ಬರ್ತದೆ." ದೊರೆ ಪಟ್ಟಿಯನ್ನು ಇವರ ಕೈಯಿಂದ ಕಿತ್ತು ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದರು. ಕೆರೆದು ಹಗುರ ಮಾಡಿದರೆ ಅದು ಅಪ್ಪನ ಬಿಲ್ಲಲ್ಲ. ಬದಲಾಗಬೇಕಾದದ್ದು ತನ್ನ ಬೆನ್ನು ಎಂದರು. ಆಮೇಲೆ ಆ ವಯಸ್ಸಿಗೆ ವಿಲ್ಲಾದ ಬಾಗಿಲಿಗೆ ರಬ್ಬರ್ ಪಟ್ಟಿ ಕಟ್ಟಿ ದಿನಾ ಎಳೆಯತೊಡಗಿದರು.

ವಾದಿ ಎಂದರೆ ಮಳೆ ಬಂದಾಗ ಮಾತ್ರ ನೀರು ಹರಿಯುವ ಕಲ್ಲುಹಾಸು. ಚಳಿಗಾಲದ ಶುಕ್ರವಾರ ಬೆಳಿಗ್ಗೆ ನಾವೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ವರ್ಕ್‌ಶಾಪಿನ ನಾಲ್ಕೈದು ಬಡಗಿಗಳು, ಅವರಲ್ಲಿ ನಮ್ಮ ಊರ ಕಡೆಯವರೇ ಹೆಚ್ಚು, ನಾನು ಕಟ್ಟಿಕೊಂಡು ಹೋಗುವ ಚಿತ್ರಾನ್ನ, ಫ್ಲಾಸ್ಕಿನ ಚಾ. ದೂರದಲ್ಲಿ ಒಂದು ಒಂಟಿ ಜಾಲಿ ಮರ ಇತ್ತು. ಗಲ್ಲದವರೆಗೆ ಎಳೆದು ಬಿಟ್ಟ ಬಾಣವೂ ಆ ಮರವನ್ನು ದಾಟಿ ಆಚೆ ಬೀಳುತ್ತಿತ್ತು. ನನ್ನ ಕೈಗೂ ಒಂದು ದಿನ ಬಿಲ್ಲು ಕೊಟ್ಟರು. ತೆಂಗಿನಕಾಯಿ ತುರಿದ ಕೈ, ಬಿಡುತ್ತೇನಾ ಎಂದು ಎಳೆದೆ. ಹೆದೆ ನನ್ನ ಬೆರಳನ್ನು ಕೊಯ್ದಿತೇ ಹೊರತು ಅಲ್ಲಾಡಲಿಲ್ಲ. ಎಲ್ಲರೂ ನಕ್ಕರು.

ಎಳೆದು ಮುಗಿದ ಕೂಡಲೇ ದೊರೆ ಬಿಲ್ಲನ್ನು ಕಾಲಿಗೆ ಒತ್ತಿ ಬಾಗಿಸಿ ಹೆದೆ ಇಳಿಸುತ್ತಿದ್ದರು. ಚಾ ಆರಿದರೂ ಸರಿ, ಮೊದಲು ಅದು. ಹೆದೆ ಏರಿಸಿಯೇ ಇಟ್ಟ ಬಿಲ್ಲು ಬಾಗಿದಲ್ಲೇ ಉಳಿದು ಕಸುವು ಕಳೆದುಕೊಳ್ಳುತ್ತದೆ, ಸೆಕೆಯಲ್ಲಂತೂ ಇನ್ನೂ ಬೇಗ. ತಣ್ಣಗಿನ ದೇಶದ ಮರ ಅದು. ಬೇಸಿಗೆಯಲ್ಲಿ ಬಿಲ್ಲು ಅವರ ಎಸಿ ಕೋಣೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಇದು ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷದ ನವರಾತ್ರಿಯ ಹೊತ್ತಿಗೆ ದೊರೆ ವಿಲ್ಲಾ ಖಾಲಿ ಮಾಡುತ್ತಿದ್ದರು. ಬಿಲ್ಲಿಗೆ ಉದ್ದನೆಯ ಮರದ ಪೆಟ್ಟಿಗೆ ಮಾಡಿಕೊಡುತ್ತೇನೆಂದು ಇವರು ಅದನ್ನು ವರ್ಕ್‌ಶಾಪಿಗೆ ತಂದು ಎಸಿ ಇರುವ ಆಫೀಸ್ ಕೋಣೆಯಲ್ಲಿಟ್ಟರು. ಬರುವ ವಾರದ ಶುಕ್ರವಾರ ಕೊನೆಯ ಸಲ ವಾದಿಗೆ ಹೋಗುವುದು, ಅದಾದ ಮೇಲೆ ವಿಮಾನ ಎಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಹಳೇ ಗೆಳೆಯರನ್ನು ನೋಡಿ ಬರುತ್ತೇನೆಂದು ದೊರೆ ಒಳನಾಡಿನ ಕಡೆ ಹೊರಟರು. ಅಲ್ಲಿಗೆ ಫೋನು ಇರಲಿಲ್ಲ.

ವರ್ಕ್‌ಶಾಪಿನಲ್ಲಿ ಆಯುಧಪೂಜೆ ಎಂದರೆ ಸಣ್ಣ ವಿಷಯವಲ್ಲ. ನಮ್ಮ ಕಫೀಲ್, ಅಂದರೆ ಕಂಪನಿಯ ಒಮಾನಿ ಯಜಮಾನ, ಒಳ್ಳೆಯ ಮನುಷ್ಯ, ಗಲಾಟೆಯಿಲ್ಲದೆ ಮಾಡಿಕೊಳ್ಳಿ ಎಂದಿದ್ದರು. ಹಿಂದೊಂದು ವರ್ಷ ಅರ್ಜೆಂಟ್ ಕೆಲಸವಿದೆಯೆಂದು ಪೂಜೆಗಿಟ್ಟ, ಮರ ಹೆರೆಯುವ ಪ್ಲೇನರ್ ಮಿಷಿನನ್ನು ದಶಮಿಗೆ ಮೊದಲೇ ಚಾಲೂ ಮಾಡಿದ್ದರು. ಆ ವಾರವೇ ನಮ್ಮ ಊರ ಕಡೆಯ ಒಬ್ಬ ಬಡಗಿಯ ಎರಡು ಬೆರಳು ಹೋಯಿತು. ಆಸ್ಪತ್ರೆಗೆ ಹೋಗುವಾಗ ಬೆರಳನ್ನು ಕರ್ಚೀಫಿನಲ್ಲಿ ಕಟ್ಟಿ ಹಿಡಿದುಕೊಂಡಿದ್ದವರು ಇವರು. ಅಲ್ಲಿಂದ ಮುಂದೆ ಪೂಜೆಗಿಟ್ಟ ವಸ್ತುವನ್ನು ವಿಜಯದಶಮಿಯ ಬೆಳಿಗ್ಗೆಗೆ ಮೊದಲು ಯಾರೂ ಬೆರಳಲ್ಲೂ ಮುಟ್ಟುತ್ತಿರಲಿಲ್ಲ.

ನವಮಿ ಶುಕ್ರವಾರ, ರಜೆ, ಆದ್ದರಿಂದ ಪೂಜೆ ಗುರುವಾರವೇ, ಅವತ್ತು ಅರ್ಧ ದಿನ ಕೆಲಸ. ನಾನೂ ಇವರೂ ರುವಿ ಪೇಟೆಯಲ್ಲಿ ಹೂವು, ಬೂದುಗುಂಬಳಕಾಯಿ ಹುಡುಕಿ ವಾದಿ ಅದಾಯ್ ಮುಟ್ಟುವಾಗ ತಡವಾಯಿತು. ನೈವೇದ್ಯದ ಹೊತ್ತು ಮೀರುತ್ತದೆಂದು ಬಡಗಿಗಳು ಆಗಲೇ ಪೂಜೆ ಶುರು ಮಾಡಿದ್ದರು, ಆರತಿಯೂ ಆಗಿಹೋಗಿತ್ತು. ಗರಗಸ, ಉಳಿ, ಮಿಷಿನ್ನು, ಎಲ್ಲದಕ್ಕೂ ಕುಂಕುಮ. ನಟ್ಟನಡುವೆ ದೇವರ ಪಟದ ಎದುರು ದೊರೆಯ ಬಿಲ್ಲು. ಹೆದೆ ಏರಿಸಿ ಬಾಗಿಸಿ, ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು.

"ಅಣ್ಣ, ಹೇಗುಂಟು? ನಾಲ್ಕು ಜನ ಬೇಕಾಯ್ತು ಹೆದೆ ಏರಿಸ್ಲಿಕ್ಕೆ" ಎಂದ ಹಿರಿಯ ಬಡಗಿ, ಬೆವರು ಒರೆಸಿಕೊಳ್ಳುತ್ತಾ. "ಬರೀ ಕೋಲು ಇಟ್ರೆ ಆಯುಧ ಅಂತ ಹೇಗೆ ಗೊತ್ತಾಗ್ಬೇಕು? ಪಾಪ, ಹೋಗುವ ಮನುಷ್ಯ. ಅವರ ಕೈಗೂ ದೇವರು ಬಲ ಕೊಡ್ಲಿ ಅಂತ."

ಇವರ ಕೈಯಲ್ಲಿದ್ದ ಹೂವಿನ ಪೊಟ್ಟಣ ಹಾಗೆಯೇ ಇತ್ತು. ಅವರು ಪ್ರೀತಿಯಿಂದ ಮಾಡಿದ್ದರು, ಅದೇ ಕಷ್ಟ. ಇವರು ಪೊಟ್ಟಣವನ್ನು ಪಟದ ಎದುರಿಟ್ಟರು. ಪ್ರಸಾದ ತೆಗೆದುಕೊಂಡೆವು, ಮೈನ್ ಸ್ವಿಚ್ ಆಫ್ ಮಾಡಿ ಶಟರ್ ಎಳೆದು ಬೀಗ ಹಾಕಿದೆವು. ತಗಡಿನ ಮಾಡು. ಅಕ್ಟೋಬರಿನಲ್ಲೂ ಒಳಗೆ ಒಲೆಯ ಹತ್ತಿರ ನಿಂತಷ್ಟು ಸೆಕೆ. ದಶಮಿ ಶನಿವಾರ.

ಮನೆಗೆ ಬಂದು ಇವರು ಅನ್ನ ಕಲಸಿಟ್ಟುಕೊಂಡು ಕೂತರು. ನನಗೆ ತಡೆಯಲಾಗಲಿಲ್ಲ. "ಕೀಲಿಕೈ ನಿಮ್ಮ ಕಿಸೆಯಲ್ಲೇ ಉಂಟಲ್ಲ. ಹೋಗಿ ಹೆದೆ ಇಳಿಸಿ ಬನ್ನಿ. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದಲ್ಲ."

"ಒಂದು ದಾರ ಬಿಚ್ಚಿದ್ದಕ್ಕೆ ದೇವರು ಕೈ ಕತ್ತರಿಸ್ತಾರಾ?"

"ಕತ್ತರಿಸ್ಲಿಕ್ಕಿಲ್ಲ" ಎಂದರು. "ಆದ್ರೆ ಶನಿವಾರ ಆ ಮಿಷಿನ್ನಿಗೆ ಕೈ ಕೊಡುವವ್ನು ನಾನಲ್ಲ ಮಾರಾಯ್ತಿ. ಕೆಲಸದವರು."

ಶುಕ್ರವಾರ ಮಧ್ಯಾಹ್ನ ನನಗೆ ಹೇಳದೆ ಕಾರು ತೆಗೆದುಕೊಂಡು ಹೋದರು. ಹಿಂದೆ ಬಂದಾಗ ಅಂಗಿಯ ಬೆನ್ನು ಪೂರಾ ಒದ್ದೆ. "ಇಳಿಸಿದಿರಾ?" ಎಂದೆ. ಶಟರ್ ಎತ್ತಿ ಒಳಗೆ ಹೋಗಿ ಅದರ ಎದುರು ನಿಂತಿದ್ದರಂತೆ. ಹೂವೆಲ್ಲ ಬಾಡಿತ್ತಂತೆ. ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡು, ಬೀಗ ಹಾಕಿ ಬಂದಿದ್ದರು. ನನಗೆ ಸಿಟ್ಟು ಬಂತು. ಎರಡು ವರ್ಷದ ಶುಕ್ರವಾರಗಳು ನನ್ನವೂ ಆಗಿದ್ದವು. ಆದರೆ ಕರ್ಚೀಫಿನಲ್ಲಿ ಬೆರಳು ಕಟ್ಟಿಕೊಂಡು ಹೋದವರು ನಾನಲ್ಲ, ಆದ್ದರಿಂದ ಬಾಯಿ ಮುಚ್ಚಿಕೊಂಡೆ.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಆರತಿ ಎತ್ತಿ, ಹೆದೆ ಇಳಿಸಿದರು. ಬಿಲ್ಲು ನೇರವಾಗಲಿಲ್ಲ. ಹೆದೆ ಇಲ್ಲದೆಯೂ ಬಾಗಿಕೊಂಡೇ ಇತ್ತು, ಕೂತು ಕೂತು ಬೆನ್ನು ಹಿಡಿದುಕೊಂಡ ಮುದುಕನ ಹಾಗೆ. ಒಳಮೈಯ ತಿರುಳಿನ ಮೇಲೆ ಅಡ್ಡಡ್ಡಕ್ಕೆ ಸಣ್ಣ ಗೆರೆಗಳು ಬಂದಿದ್ದವು. ಮರ ಹಿಂಡಿ ಹಿಂಡಿ ಒಳಗೇ ಮುರಿದ ಗೆರೆಗಳು. ಅವತ್ತು ಮಿಷಿನ್ನುಗಳೆಲ್ಲ ಚೆನ್ನಾಗಿ ಓಡಿದವು.

ದೊರೆ ಹಿಂದಿರುಗಿದ ಸಂಜೆ ನಮ್ಮ ಮನೆಗೇ ಊಟಕ್ಕೆ ಬಂದರು. ಊಟಕ್ಕೆ ಮೊದಲೇ ಇವರು ಬಿಲ್ಲನ್ನು ಅವರ ಮಡಿಲಿಗಿಟ್ಟು ಎಲ್ಲ ಹೇಳಿದರು. ಹೆದೆ ಏರಿಸಿದ್ದು ಕೆಲಸದವರು, ಇಳಿಸದೆ ಬಿಟ್ಟದ್ದು ತಾನು ಎಂದೂ ಹೇಳಿದರು. ದೊರೆ ಬಿಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದರು. ಆಮೇಲೆ ಕಣ್ಣುಮುಚ್ಚಿ ಹೆಬ್ಬೆರಳಿನಿಂದ ಆ ಗೆರೆಗಳನ್ನು ಒಂದೊಂದಾಗಿ ಸವರಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಎಲ್ಲಾದರೂ ಓಡಿಹೋಗೋಣ ಅನಿಸಿತ್ತು. ಅವರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಯಾರಿಗೂ ಪೆಟ್ಟಾಗಲಿಲ್ಲ ತಾನೇ?" ಎಂದು ಕೇಳಿದರು.

"ಇಲ್ಲ ಸರ್."

"ಹಾಗಾದರೆ ಶುಕ್ರವಾರ ವಾದಿಗೆ ಹೋಗೋಣ."

ಎಳೆದರೆ ಮುರಿಯಬಹುದು, ಮುಖಕ್ಕೆ ಬಡಿಯಬಹುದು ಎಂದರು ಇವರು. ದೊರೆ ತಲೆಯಾಡಿಸಿ, ಮೀನಿನ ಸಾರು ಕೇಳಿ ಹಾಕಿಸಿಕೊಂಡು ಊಟ ಮಾಡಿದರು.

ಶುಕ್ರವಾರ ಎಲ್ಲರೂ ಬಂದಿದ್ದರು. ಬಡಗಿಗಳಿಗೆ ಬಿಲ್ಲಿನ ವಿಷಯ ಗೊತ್ತಿರಲಿಲ್ಲ. ಹೇಳಬೇಡಿ ಎಂದವರು ದೊರೆಯೇ. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದೊರೆ ಟೊಪ್ಪಿ ತೆಗೆದಿಟ್ಟು, ಕಲ್ಲಿನ ಮೇಲೆ ಕಾಲು ಅಗಲಿಸಿ ನಿಂತು, ಬಾಣ ಹೂಡಿ ಎಳೆದರು. ಗಲ್ಲದವರೆಗೆ ಬಂತು, ಅಲ್ಲಿ ನಿಲ್ಲಲಿಲ್ಲ. ದವಡೆ ದಾಟಿತು, ಕಿವಿಗೆ ಬಂತು. ಕೈ ನಡುಗಲಿಲ್ಲ, ಬಿಲ್ಲು ಮುರಿಯಲಿಲ್ಲ. ಅಷ್ಟು ದಿನವೂ ಅವರು ಸೋಲುವುದನ್ನೇ ನೋಡಿದ್ದ ಬಡಗಿಗಳು "ಬಂತು! ಕಿವಿಗೆ ಬಂತು! ಅಮ್ಮನ ದಯೆ!" ಎಂದು ಕೂಗಿ ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆಯೂ ಹಾಕಿದ. ನಾನೂ ತಟ್ಟಿದೆ, ತಟ್ಟದೆ ನಿಂತರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಇವರು ನೆಲ ನೋಡುತ್ತಿದ್ದರು.

ಬಾಣ ಹೋಯಿತು. ನಾವೆಲ್ಲ ಜಾಲಿ ಮರದ ಆಚೆ ನೋಡುತ್ತಾ ನಿಂತೆವು. ಅದು ಮರದ ಈಚೆಯೇ, ತುಂಬ ಈಚೆ, ಕಲ್ಲಿಗೆ ತಾಗಿ ಟಣ್ ಎಂದು ಮಗುಚಿ ಬಿತ್ತು. ಚಪ್ಪಾಳೆ ಒಂದೊಂದಾಗಿ ನಿಂತಿತು. "ಗಾಳಿ ಎದುರು ಉಂಟು" ಎಂದ ಹಿರಿಯ ಬಡಗಿ. ಗಾಳಿ ಇರಲಿಲ್ಲ. ಬಾಣ ತರಲು ಹೊರಟವನನ್ನು ಕೈಯೆತ್ತಿ ತಡೆದು ದೊರೆ ತಾವೇ ನಡೆದು ಹೋದರು. ಬಗ್ಗಿ ಅದನ್ನು ತೆಗೆದುಕೊಂಡು, ನಮಗೆ ಬೆನ್ನು ಹಾಕಿಕೊಂಡೇ ಅದರ ತುದಿಯ ಮಣ್ಣು ಒರೆಸಿದರು. ಬರುವಾಗ ನಗುತ್ತಾ ಬಂದು ಬಡಗಿಗಳ ಕೈ ಕುಲುಕಿ, ನಿಮ್ಮ ಪೂಜೆ ಫಲಿಸಿತು ಎಂದರು. ಅವರ ಮುಖ ಅರಳಿತು. ಹೆದೆ ಇಳಿಸಿ ಬಿಲ್ಲನ್ನು ಇವರ ಕೈಗೆ ಕೊಟ್ಟರು. "ಖಲಾಸ್" ಎಂದರು, ಅಷ್ಟೇ.

ಅವರನ್ನು ಸೀಬ್ ಏರ್‌ಪೋರ್ಟಿಗೆ ಬಿಟ್ಟವರು ನಾವೇ. ಉದ್ದನೆಯ ಪೆಟ್ಟಿಗೆಯನ್ನು ಇವರು ಮುಗಿಸಿದ್ದರು, ಅದರೊಳಗೆ ದೊರೆ ಹೆಂಡತಿಯ ಪರದೆ, ಪುಸ್ತಕ ತುಂಬಿಸಿ ಹಡಗಿಗೆ ಹಾಕಿಸಿದ್ದರು. ಬಿಲ್ಲು ಇಲ್ಲಿಯೇ ಇರಲಿ ಎಂದರು. ಟ್ರಾಲಿ ತಳ್ಳಿಕೊಂಡು ಬಾಗಿಲವರೆಗೆ ಹೋದವರನ್ನು ಇವರು ತಡೆದು ನಿಲ್ಲಿಸಿ, ತಡೆತಡೆದು ಹೇಳಿದರು. "ಸರ್, ಕಿವಿಗೆ ಬಂದದ್ದು ನಿಜ. ನಾನು ನೋಡಿದೆ."

ದೊರೆ ಇವರ ಹೆಗಲ ಮೇಲೆ ಕೈಯಿಟ್ಟರು. "ನೀನು ನನ್ನ ಕೈ ನೋಡಿದೆ" ಎಂದರು. "ಅಪ್ಪ ಇದ್ದಿದ್ದರೆ ಬಾಣ ಬಿದ್ದ ಜಾಗ ನೋಡಿ ಒಳಗೆ ಹೋಗುತ್ತಿದ್ದರು."

ನಾವು ಒಮಾನ್ ಬಿಟ್ಟದ್ದು ತೊಂಬತ್ತರ ದಶಕದ ಕೊನೆಗೆ. ಅಲ್ಲಿಯವರೆಗೆ ಪ್ರತಿ ಆಯುಧಪೂಜೆಗೆ ಇವರು ಬಿಲ್ಲನ್ನು ಬರಿಯ ಕೋಲಾಗಿಯೇ ಇಡುತ್ತಿದ್ದರು. ಹೊಸದಾಗಿ ಬಂದವರು ಯಾರಾದರೂ ಒಬ್ಬರು, "ಅಣ್ಣ, ಹೆದೆ ಏರಿಸಿದ್ರೆ ಚಂದ ಕಾಣ್ತಿತ್ತು" ಎನ್ನದೆ ಇರುತ್ತಿರಲಿಲ್ಲ. ಇವರು ಯಾರಿಗೂ ಗದರಿದವರಲ್ಲ, ಅದೊಂದು ಮಾತಿಗೆ ಗದರುತ್ತಿದ್ದರು. ಆಮೇಲೆ ಬೆರಳಿಗೆ ಕುಂಕುಮ ತೆಗೆದುಕೊಂಡು, ಆ ಗೆರೆಗಳಿದ್ದ ಕಡೆಯನ್ನು ಬಿಟ್ಟು, ಪಕ್ಕದಲ್ಲಿ ಹಚ್ಚುತ್ತಿದ್ದರು.